ಸೀತಾಳೆ ದಂಡೆಯಾದ ಮನೆಅಳಿಯ

ಕಾಡಂಚಿನಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಗುತ್ತ್ಯಮ್ಮ ಅನ್ನೋ ಮುದುಕಿಗೆ ಬೊಮ್ಮಿ ಅಂತ ಒಬ್ಬಳೇ ಮಗಳು. ಬೊಮ್ಮಿಯ ಗಂಡ ಹಾಲಪ್ಪ ಮನೆಅಳಿಯ. ಮಹಾ ದುಡಿಮೆಗಾರನಂತೆ! ತಾಯಿ ಮಗಳು ಗದ್ದೆಯಲ್ಲಿ ಸೊಂಟ ಮುರಿಯುವಂತೆ ದುಡಿಯುವಾಗ, ಇವನು ಜಗಲಿ ಮೇಲೆ ಮಲಗಿ, ಜಗಲಿ ಎಲ್ಲಿಗೂ ಓಡಿಹೋಗದ ಹಾಗೆ ಕಾಯುತ್ತಿದ್ದನಂತೆ.

ಒಂದು ದಿನ ಗುತ್ತ್ಯಮ್ಮನ ತಾಳ್ಮೆ ಕೆಟ್ಟಿತು. "ಮಗಳೇ, ನಿನ್ನ ಗಂಡ ಈ ಮನೆಗೆ ಹತ್ತಿದ ಬಂದಳಿಕೆ. ಮರದ ರಸ ಹೀರಿ ಕೊಂಬೆ ಒಣಗಿಸುತ್ತಲ್ಲ, ಅದೇ ಜಾತಿ. ನಾಳೆ ಅವನನ್ನ ಅವನ ಊರಿಗೆ ಅಟ್ಟು" ಅಂದಳಂತೆ.

ಬೊಮ್ಮಿಗೆ ಅವನನ್ನ ಕಳಿಸೋಕೆ ಮನಸ್ಸಿರಲಿಲ್ಲ. ಸೋಮಾರಿಯೇ ಸರಿ, ಆದರೆ ಅವನು ನಕ್ಕರೆ ಅವಳಿಗೆ ದಣಿವು ಮರೆತುಹೋಗುತ್ತಿತ್ತು.

ಜಗಲಿ ಮೇಲಿಂದಲೇ ಇದನ್ನ ಕೇಳಿಸಿಕೊಂಡ ಹಾಲಪ್ಪನಿಗೋ ಸಿಟ್ಟು ನೆತ್ತಿಗೇರಿತು. "ಅತ್ತೆ, ನಾನು ಬಂದಳಿಕೆ ಅಲ್ಲ! ಅಂಗಳದ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ, ನೋಡಿ. ತೊಗಟೆ ಹಿಡಿದು ಕೂತಿದೆ, ಮರದ ಒಂದು ಹನಿ ರಸ ಮುಟ್ಟಲ್ಲ. ಗಾಳಿಗೆ ಬೇರು ಇಳಿಬಿಟ್ಟು ಮಂಜು, ಮಳೆ ಕುಡಿದು ಬದುಕುತ್ತೆ. ಹೂ ಬಿಟ್ಟರೆ ಜಡೆಯಂಥ ಗೊಂಚಲು, ಮರಕ್ಕೇ ಶೋಭೆ. ನಾನೂ ಹಾಗೇ!"

"ಹೌದಲ್ಲ ಅವ್ವ, ನಾವೇ ತಪ್ಪು ಮಾಡಿದ್ವಿ. ದಂಡೆ ಇರಬೇಕಾದ್ದು ಮರದಲ್ಲಿ" ಅಂದವಳೇ ಬೊಮ್ಮಿ ಏಣಿ ತಂದು ಹಲಸಿಗೆ ಒರಗಿಸಿದಳಂತೆ. ಆಡಿದ ಮಾತು ನುಂಗಲಾರದೆ ಹಾಲಪ್ಪ ಹತ್ತಿದ. ಅವಳು ಏಣಿ ತೆಗೆದಿಟ್ಟಳು.

ಮಧ್ಯಾಹ್ನ ಮೀನುಸಾರಿನ ವಾಸನೆ ಮೇಲಕ್ಕೇರಿತು.

"ಲೇ ಬೊಮ್ಮಿ, ಊಟ?"

"ಶಿವನೇ! ಅನ್ನ ಕೊಟ್ಟರೆ ಊರವರು ನಿಮ್ಮನ್ನ ಬಂದಳಿಕೆ ಅಂದಾರು. ಗಾಳಿ ಚೆನ್ನಾಗಿ ಬೀಸುತ್ತಿದೆ, ಹೊಟ್ಟೆ ತುಂಬ ಉಣ್ಣಿ."

ಕೆಂಜಿಗದ ಇರುವೆಗಳು ಬಂದು, ಹೂ ಎಲ್ಲಿ ಬಿಟ್ಟಿದೆ ಅಂತ ಅವನ ಮೈಯೆಲ್ಲ ವಿಚಾರಿಸಿದವಂತೆ. ಸಂಜೆ ಮಳೆ ಹೊಡೆಯಿತು.

"ಲೇ, ಚಳಿ ಕಣೇ!"

"ಕುಡೀರಿ, ಕುಡೀರಿ, ಬೇರು ಇನ್ನಷ್ಟು ಇಳಿಬಿಡಿ!" ಅಂದಳಂತೆ. ಒಳಗೆ ಬಂದರೆ ಅವಳಿಗೂ ತುತ್ತು ಇಳಿಯಲಿಲ್ಲ.

ಬೆಳಕು ಹರಿಯುತ್ತಲೇ ಮೇಲಿಂದ ಸಣ್ಣ ದನಿ. "ಬೊಮ್ಮೀ, ಏಣಿ ಹಾಕೇ. ನಾನು ದಂಡೆ ಅಲ್ಲ."

"ಮತ್ತೇನು?"

"ಹಸಿದ ಮನುಷ್ಯ ಕಣೇ."

ಅವನು ಇಳಿದಾಗ ಗುತ್ತ್ಯಮ್ಮ ಒಂದು ಕೈಲಿ ಗಂಜಿ, ಇನ್ನೊಂದು ಕೈಲಿ ಗುದ್ದಲಿ ಹಿಡಿದು ನಿಂತಿದ್ದಳಂತೆ. ಹಾಲಪ್ಪ ಗಂಜಿ ಕುಡಿದ. ಯಾರೂ ಹೇಳದೆ ಗುದ್ದಲಿ ಹೆಗಲಿಗೇರಿಸಿದ. ಸಂಜೆ ಅಂಗೈ ಬೊಬ್ಬೆಯನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತ ಬಂದನಂತೆ, ಭೂಮಿ ಅಗೆಯೋದನ್ನ ತಾನೇ ಕಂಡುಹಿಡಿದ ಹಾಗೆ. ಪಕ್ಕದಲ್ಲಿ ಬೊಮ್ಮಿ ಸೆರಗು ಬಾಯಿಗೊತ್ತಿ ನಗುತ್ತಿದ್ದಳು.

ಅವರು ಬೆಳೆದರು, ಉಂಡರು, ಸುಖವಾಗಿದ್ದರು. ಹೇಳಿ ಹೇಳಿ ನನ್ನ ಗಂಟಲು ಒಣಗಿತು, ಯಾರಾದರೂ ಎದ್ದು ನೀರು ಕೊಡಿ.