ಕೆಂಪು ಮೇಲಂಗಿ

ಒಂದು ತಾಲ್ಲೂಕು ಆಸ್ಪತ್ರೆ. ಅಲ್ಲಿನ ಮಕ್ಕಳ ವಾರ್ಡಿನಲ್ಲಿ ಒಮ್ಮೆ ಒಂದು ಮಗುವಿನ ಇಂಜೆಕ್ಷನ್ ಇನ್ನೊಂದಕ್ಕೆ ಬಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ನರ್ಸ್ ಜಯಶೀಲಾ ಸಿರಿಂಜಿಗೆ ಔಷಧ ಎಳೆಯುವಾಗ ನಾಲ್ಕು ಕಡೆಯಿಂದ ಜನ ಕೂಗುತ್ತಿದ್ದರು. ಅದರಿಂದ ಆದ ತಪ್ಪು.

ದೊಡ್ಡ ಡಾಕ್ಟರು ಶಾಂತವೀರಪ್ಪ ಒಳ್ಳೆಯವರು. ಆಸ್ಪತ್ರೆ ಸುಧಾರಿಸಬೇಕೆಂಬ ಹಟದವರು. ಪಟ್ಟಣದ ಆಸ್ಪತ್ರೆಯೊಂದನ್ನು ನೋಡಿ ಬಂದರು. ಅಲ್ಲಿ ಔಷಧ ಕೊಡುವ ನರ್ಸ್ ಕೆಂಪು ಮೇಲಂಗಿ ತೊಡುತ್ತಿದ್ದಳು. ಅದು ಮೈಮೇಲಿರುವಷ್ಟು ಹೊತ್ತು ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಡಾಕ್ಟರು ಅಂಥದೇ ಅಂಗಿ ಹೊಲಿಸಿದರು. ಕೆಂಪು ಅಂಗಿ ತೊಟ್ಟವರನ್ನು ಮಾತಾಡಿಸಬಾರದೆಂದು ಗೋಡೆಗೆ ಬೋರ್ಡ್ ಹಾಕಿಸಿದರು.

ಇಂಜೆಕ್ಷನ್ ತಪ್ಪುವುದು ನಿಂತಿತು.

ಒಂದು ಮಧ್ಯಾಹ್ನ ಸಂಗವ್ವನ ಮೊಮ್ಮಗನಿಗೆ ಉಸಿರು ಕಟ್ಟತೊಡಗಿತು. ಕೂಸಿನ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಮುದುಕಿ ಹೋಗಿ ಜಯಶೀಲಾಳ ಹಿಂದೆ ನಿಂತಳು. ನರ್ಸಿನ ಮೈಮೇಲೆ ಕೆಂಪು ಅಂಗಿ.

“ಮಾತಾಡಿಸಬ್ಯಾಡ ಯವ್ವಾ,” ಪಕ್ಕದ ಮಂಚದ ಹೆಂಗಸು ಪಿಸುಗುಟ್ಟಿದಳು. “ನಿನ್ನೆ ನಮ್ಮನಿಯವರು ಬೈಸ್ಕೊಂಡ್ರು. ಬೋರ್ಡ್ ಓದಾಕ ಬರಂಗಿಲ್ಲೇನು ಅಂದ್ರು.”

“ಕೂಸು ಹೆಂಗೋ ಮಾಡಾಕತ್ತೈತಿ.”

“ಇನ್ನ ನಾಕ ಮಂಚ ಅದಾವ. ಅಂಗಿ ಬಿಚ್ಚಿದ ಕೂಡ್ಲೆ ಹೇಳು.”

ಸಂಗವ್ವ ಕಾದಳು. ಕೂಸನ್ನು ನೋಡಿದಳು. ಅಂಗಿಯನ್ನು ನೋಡಿದಳು. ಜಯಶೀಲಾ ತಿರುಗಲಿಲ್ಲ. ತಿರುಗಬಾರದೆಂದೇ ಅಪ್ಪಣೆ. ಕೂಸಿನ ತುಟಿ ನೀಲಿಯಾಯಿತು. ಮುದುಕಿ ಆ ಅಂಗಿಯನ್ನೇ ಹಿಡಿದು ಜಗ್ಗಿದಳು.

ಜಯಶೀಲಾ ಓಡಿದಳು. ಆಕ್ಸಿಜನ್ ಹಚ್ಚಿದಳು. ಕೂಸು ಬಹಳ ಹೊತ್ತು ಅಳಲಿಲ್ಲ. ಆಮೇಲೆ ಅತ್ತಿತು.

ಡಾಕ್ಟರು ಬಂದು ರೇಗಿದರು. “ಸಿಸ್ಟರ್, ನೀವು ಔಷಧ ಕೊಡುವಾಗ ವಾರ್ಡ್ ನೋಡೋರು ಯಾರು?”

“ಯಾರೂ ಇಲ್ಲ ಸರ್. ಇರೋದು ನಾನೊಬ್ಬಳೇ.”

ಡಾಕ್ಟರಿಗೆ ಪಟ್ಟಣದ ಆಸ್ಪತ್ರೆ ನೆನಪಾಯಿತು. ಅಲ್ಲಿನ ವಾರ್ಡಿನಲ್ಲಿ ಇನ್ನೊಬ್ಬ ನರ್ಸ್ ಮಂಚಗಳ ನಡುವೆ ಓಡಾಡುತ್ತಿದ್ದಳು. ಅವರು ನೋಡಿದ್ದರು. ಗಮನಿಸಿರಲಿಲ್ಲ. ಅಂಗಿಯೊಂದನ್ನೇ ಕಲಿತು ಬಂದಿದ್ದರು.

ಇನ್ನೊಬ್ಬ ನರ್ಸ್ ಬೇಕೆಂದು ಮೇಲಿನವರನ್ನು ಕೇಳಿದರು. ನೋಡೋಣ ಅಂದರು. ಇನ್ನೂ ನೋಡುತ್ತಿದ್ದಾರೆ. ಈಗ ಔಷಧದ ಹೊತ್ತಿಗೆ ಡಾಕ್ಟರೇ ವಾರ್ಡಿನಲ್ಲಿ ನಿಲ್ಲುತ್ತಾರೆ. ಹೊರಗೆ ಅವರ ರೋಗಿಗಳು ಸಾಲಾಗಿ ಕಾಯುತ್ತಾರೆ. ಆ ಸಾಲಿನಲ್ಲಿ ಯಾರಿಗೆ ಉಸಿರು ಕಟ್ಟುತ್ತಿದೆಯೋ, ಒಳಗಿರುವ ಅವರಿಗೆ ತಿಳಿಯದು.

ನೀತಿ: ಒಳ್ಳೆಯ ನಿಯಮ ಮಾಡಿದರೆ ಸಾಲದು. ಅದನ್ನು ನಡೆಸುವಷ್ಟು ಜನರನ್ನೂ ಕೊಡಬೇಕು. ಒಬ್ಬರ ಮೇಲೇ ಎಲ್ಲ ಹೊರಿಸಿದರೆ ತಪ್ಪು ನಿಲ್ಲುವುದಿಲ್ಲ, ಜಾಗ ಬದಲಿಸುತ್ತದೆ.