ನನ್ನ ಓಟು ಕೊಡೆ

ಮಾರುಕಟ್ಟೆ ಸಂಘದ ಅಧ್ಯಕ್ಷ ಪರ್ವತಪ್ಪ ಮಾಡಿದ್ದು ಅನ್ಯಾಯ. ಮತ್ತೆ ಗೆಲ್ಲಬೇಕೆಂದು, ಚುನಾವಣೆಯ ಹಿಂದಿನ ದಿನ ತರಕಾರಿ ಮಾರುವ ಹೆಂಗಸರನ್ನು ಗೇಟಿನಲ್ಲಿ ತಡೆದು ಗುಟ್ಟಿನ ಮತವನ್ನು ಬಾಯಿಬಿಡಿಸಿದ. ಅವನ ಚಿಹ್ನೆ ಕೊಡೆ. ಎದುರಾಳಿ ಸಾಕಮ್ಮನದು ತಕ್ಕಡಿ.

"ಮಾರಮ್ಮನ ಆಣೆ ಮಾಡಿ ಹೇಳು, ನಿನ್ನ ಓಟು ಯಾವುದಕ್ಕೆ? ಇಲ್ಲದಿದ್ರೆ ನಾಳೆಯಿಂದ ನಿನ್ನ ಬುಟ್ಟಿ ಒಳಗೆ ಬರಲ್ಲ" ಎಂದು ಸೊಪ್ಪಿನ ನಿಂಗಾಜಮ್ಮನನ್ನು ಗದರಿಸಿದ.

ಆ ಬುಟ್ಟಿಯೇ ಅವಳ ಅನ್ನ. ಅವಳು ಕೈಮುಗಿದಳು. "ಮಾರಮ್ಮನಾಣೆ ಅಣ್ಣಾ, ನಿಮಗೆ ನನ್ನ ಓಟು ಕೊಡೆ!"

ಪರ್ವತಪ್ಪ ಹಿಗ್ಗಿಹೋದ. "ಎಲ್ಲರೂ ಹಿಂಗೇ ಹೇಳ್ರಮ್ಮ!" ಎಂದ. ಎಲ್ಲರೂ ಹಾಗೇ ಕೂಗಿದರು.

ಸೋತ ಮೇಲೆ ನಿಂಗಾಜಮ್ಮನ ಬಳಿ ಓಡಿ ಬಂದ. "ಆಣೆ ಮಾಡಿ ಸುಳ್ಳು ಹೇಳಿದ್ಯಾ?"

"ಸುಳ್ಳೆಲ್ಲಿ ಅಣ್ಣಾ? ಕೊಡೆ ಅಂದೆ, ಕೊಡಲಿಲ್ಲ."

ಸುತ್ತಲಿದ್ದವರು ನಕ್ಕರು. ಅವನ ದನಿ ಇಳಿಯಿತು. "ಆ ಸಾಕಮ್ಮನಲ್ಲಿ ಅಂಥದ್ದೇನು ಕಂಡ್ರಿ?"

"ಹೆಂಗಸರ ಕಕ್ಕಸಿಗೆ ಬೀಗ ಹಾಕಿ ಬೀಗದ ಕೈ ಜೇಬಲ್ಲಿಟ್ಕೊಂಡ್ರಿ. ಬೆಳಗಿಂದ ಸಂಜೆವರೆಗೆ ನಾವು ನೀರು ಕುಡೀದೆ ಕೂತ್ವಿ. ಅವಳೂ ನಮ್ ಜೊತೆ ಹಂಗೇ ಕೂತಿದ್ಲು."

ಪರ್ವತಪ್ಪ ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದುಕೊಟ್ಟ.

ನಿಮ್ಮ ಬಾಗಿಲಿಗೂ ಓಟು ಕೇಳಲು ಬರುತ್ತಾರೆ. ಮೊದಲು ಬೀಗದ ಕೈ ಕೇಳಿ.