ನುಂಗಿಹೋದ ಅಕ್ಷರ

"ಗುರುಗಳೇ, ಕ್ರಿಯಾಪದದ ಅರ್ಥ ತಿಳಿದ ಮೇಲೂ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಲೇಬೇಕೇ?" ಎಂದು ಸುಗುಣ ಕೇಳಿದಳು. ಬೆಳಗಿನಿಂದ ಒಂದೇ ಫ್ರೆಂಚ್ ಪದವನ್ನು ಹೇಳಿ ಹೇಳಿ ಅವಳಿಗೆ ಬೇಸರ ಬಂದಿತ್ತು.

ಚೌರಪ್ಪ ಗುರುಗಳು ಪುಸ್ತಕ ಮಡಚಿ ಹೇಳತೊಡಗಿದರು.

ಹೊಳೆಯ ದಡದ ಕೋಟೆಯೊಂದರಲ್ಲಿ ಒಬ್ಬ ದುಭಾಷಿ ಇದ್ದ. ಕಿಲ್ಲೇದಾರನ ಅಪ್ಪಣೆಯನ್ನು ಫ್ರೆಂಚ್ ತೋಪಿನವರಿಗೆ ಅವರ ಮಾತಿನಲ್ಲಿ ತಿಳಿಸುವುದು ಅವನ ಕೆಲಸ. ಓದು ಬರಹದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಾತಾಡುವಾಗ ಮಾತ್ರ ಪದದ ಮೊದಲ ಅಕ್ಷರವನ್ನು ನುಂಗಿಬಿಡುತ್ತಿದ್ದ. ಯಾರಾದರೂ ತಿದ್ದಿದರೆ, "ಅರ್ಥ ಆಯಿತಲ್ಲ, ಸಾಕು" ಎನ್ನುತ್ತಿದ್ದ. ಕೇಳುವವರು ತನ್ನ ಮುಖ, ಕೈಸನ್ನೆ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಒಂದು ಮುಂಜಾನೆ ಶತ್ರುಗಳು ಹೊಳೆ ದಾಟುತ್ತಿದ್ದಾರೆಂದು ಸುದ್ದಿ ಬಂತು. ಎರಡು ತೋಪುಗಳನ್ನು ದಡಕ್ಕೆ ತಂದು ನಿಲ್ಲಿಸಿದರು. ತೋಪಿನವರು ಬತ್ತಿ ಹೊತ್ತಿಸಿಕೊಂಡು ಅಪ್ಪಣೆಗೆ ಕಾದರು. ದುಭಾಷಿ ಕಿಲ್ಲೇದಾರನೊಡನೆ ಬುರುಜಿನ ಮೇಲಿದ್ದ. ಹೊಳೆಯ ಮೇಲೆ ಕವಿದಿದ್ದ ಮಂಜು ಸ್ವಲ್ಪ ಸರಿದಾಗ ಅಲ್ಲಿಂದ ಆರು ಹರಿಗೋಲುಗಳು ಕಂಡವು. ಅವುಗಳಲ್ಲಿ ಹೆಂಗಸರು, ಮಕ್ಕಳು, ಬಟ್ಟೆಯ ಗಂಟುಗಳು. ಆಚೆ ದಡದ ಊರಿನವರು ಜೀವ ಉಳಿಸಿಕೊಳ್ಳಲು ಓಡಿ ಬರುತ್ತಿದ್ದರು.

"ಅವರು ನಮ್ಮವರು. ತೋಪು ಹಿಂದೆ ಸರಿಸಲು ಹೇಳು, ಬೇಗ" ಎಂದ ಕಿಲ್ಲೇದಾರ.

ಇಳಿದು ಹೋಗಲು ಸಮಯವಿರಲಿಲ್ಲ. ದುಭಾಷಿ ಎರಡೂ ಕೈಗಳನ್ನು ಬಾಯಿಯ ಬದಿಗಿಟ್ಟು ಕೂಗಿದ. ಅವನು ಹೇಳಬೇಕಾಗಿದ್ದ ಪದ ರೆತಿರೇ. ಹಿಂದೆ ಸರಿಸಿ ಎಂದು ಅದರ ಅರ್ಥ. ಮೊದಲ ಅಕ್ಷರ ಎಂದಿನಂತೆ ಗಂಟಲಲ್ಲೇ ಉಳಿಯಿತು. ತೋಪಿನವರಿಗೆ ಕೇಳಿಸಿದ್ದು ತಿರೇ. ಹಾರಿಸಿ ಎಂದು ಅದರ ಅರ್ಥ. ಕೆಳಗೆ ದಡದಲ್ಲಿ ಇನ್ನೂ ದಟ್ಟವಾಗಿದ್ದ ಮಂಜಿನಲ್ಲಿ ಅವರಿಗೆ ಹರಿಗೋಲುಗಳ ನೆರಳಷ್ಟೇ ಕಾಣುತ್ತಿತ್ತು; ಅವುಗಳಲ್ಲಿದ್ದವರಾಗಲಿ ದುಭಾಷಿಯ ಮುಖವಾಗಲಿ ಕಾಣುತ್ತಿರಲಿಲ್ಲ.

ಮೊದಲನೆಯ ತೋಪು ಸಿಡಿಯಿತು. ಮುಂದಿದ್ದ ಹರಿಗೋಲು ಮಗುಚಿತು. ಎರಡನೆಯ ತೋಪಿನವನು ಬತ್ತಿ ಹಿಡಿದು ಬಾಗಿದ. ದುಭಾಷಿ ಉಸಿರೆಳೆದುಕೊಂಡು "ರೆ" ಎಂದು ಕೂಗಿದ. ಮತ್ತೆ ಉಸಿರೆಳೆದು "ತಿ" ಎಂದ. ಕೊನೆಗೆ "ರೇ" ಎಂದ. ತೋಪಿನವನು ಕೈ ಹಿಂದೆಗೆದ.

ಐದು ಹರಿಗೋಲುಗಳು ದಡ ಸೇರಿದವು. ಮೊದಲನೆಯದರಲ್ಲಿದ್ದವರು ಯಾರೂ ಬರಲಿಲ್ಲ. ದುಭಾಷಿ ಕೆಳಗಿಳಿದು ಬಂದಾಗ ತೋಪಿನವನು ಕೇಳಿದ: "ಮೊದಲು ನೀವು ಹಾರಿಸಿ ಎಂದಿರಲ್ಲವೇ?"

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಆದರೂ ಅವನ ಮನಸ್ಸಿನಲ್ಲಿದ್ದ ಅರ್ಥ ಸರಿಯಾಗಿಯೇ ಇತ್ತಲ್ಲ, ಗುರುಗಳೇ?" ಎಂದಳು ಸುಗುಣ.

"ಇತ್ತಮ್ಮ, ಹರಿಗೋಲಿನವರು ಸತ್ತದ್ದು ಅವನ ಬಾಯಿಂದ ಬಂದ ಮಾತಿಗೆ."